ಪಿ ಗಟ್ಟಿಯಿದ್ದರೆ ಜೆ ಚೆಂದ: ಪಿಜೆ ಬಾಸ್ ಗಿಟಾರ್ ಆರಿಸುವ ಬಗೆ

ಗಾನಮೇಳಕ್ಕೆ ಬಾಸ್ ನುಡಿಸುವವರ ಕಷ್ಟ ಇಲ್ಲಿ ಕೂತ ಎಲ್ಲರಿಗೂ ಗೊತ್ತು. ಒಂದೇ ರಾತ್ರಿ, ಒಂದೇ ವೇದಿಕೆ. ಮೊದಲು ಎರಡು ಭಕ್ತಿಗೀತೆ. ಆಮೇಲೆ ಎಪ್ಪತ್ತರ ದಶಕದ ಕನ್ನಡ ಚಿತ್ರಗೀತೆ, ಅದರ ಬೆನ್ನಿಗೇ ಒಂದು ಮಲಯಾಳ ಮೆಲೊಡಿ. ಹನ್ನೊಂದು ಗಂಟೆ ಆಗುವಾಗ ಜನ ತುಳು ಸಿನಿಮಾದ ಕುಣಿತದ ಹಾಡು ಕೇಳುತ್ತಾರೆ, ಅದು ಮುಗಿಯುವ ಮೊದಲೇ ಹಿಂದಿಗೆ ಚೀಟಿ ಬಂದಿರುತ್ತದೆ. ನಮ್ಮ ಕಾಸರಗೋಡಿನ ಕುಂಬಳೆಯಿಂದ ಮಂಜೇಶ್ವರದವರೆಗೆ, ಇತ್ತ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಗೂ ಹೀಗೇ. ಪ್ರತಿ ಹಾಡಿಗೂ ಬಾಸ್‌ನ ದನಿ ಬೇರೆ ಬೇಕು. ಆದರೆ ಹೆಗಲಲ್ಲಿ ಇರುವುದು ಒಂದೇ ವಾದ್ಯ, ಎರಡು ಬಾಸ್ ಹೊತ್ತು ಹೋಗಲು ಜೀಪಿನಲ್ಲಿ ಜಾಗವೂ ಇಲ್ಲ. ಇಗರ್ಜಿಯ ಕ್ವಾಯರ್‌ನಲ್ಲಿ ನುಡಿಸುವವರಿಗೆ ಹಾಡು ಬೇರೆ, ಕಷ್ಟ ಇದೇ.

ಇದಕ್ಕೆ ಉತ್ತರವಾಗಿ ಅಂಗಡಿಯವರು ತೋರಿಸುವುದು ಮಿಶ್ರ ಪಿಕಪ್‌ನ ಬಾಸ್. ಪಿಕಪ್ ಎಂದರೆ ತಂತಿಯ ಅಲುಗಾಟವನ್ನು ಕರೆಂಟಿನ ಸಂಕೇತವಾಗಿ ಮಾಡುವ, ಆಯಸ್ಕಾಂತಕ್ಕೆ ವಯರ್ ಸುತ್ತಿದ ತುಂಡು. ಒಂದೇ ಬಾಡಿಯಲ್ಲಿ ಎರಡು ಬೇರೆ ಜಾತಿಯ ಪಿಕಪ್. ಇವುಗಳಲ್ಲಿ ಹೆಚ್ಚು ಸಿಗುವುದು ಪಿಜೆ. ಎಂದರೆ ನಡುವಿನಲ್ಲಿ ಪ್ರಿಸಿಷನ್ ಬಾಸ್‌ನ ಪಿಕಪ್, ಬ್ರಿಜ್, ಎಂದರೆ ಬಾಡಿಯಲ್ಲಿ ತಂತಿಗಳ ತುದಿ ಕಟ್ಟುವ ಜಾಗ, ಅದರ ಹತ್ತಿರ ಜಾಝ್ ಬಾಸ್‌ನ ಪಿಕಪ್. ಇಂದಿನ ಮಾತು ಹೆಚ್ಚಾಗಿ ಅದರ ಬಗ್ಗೆ.

ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ಅಮೆರಿಕದ ವಾದ್ಯ ತಯಾರಕ ಲಿಯೋ ಫೆಂಡರ್ ಅವರ ಪ್ರಿಸಿಷನ್ ಬಾಸ್ ಬಂದದ್ದು 1951ರಲ್ಲಿ. ಅದರ ಪಿಕಪ್ ಈಗ ನಾವು ನೋಡುವಂತೆ ಎರಡು ತುಂಡಾದದ್ದು 1957ರಲ್ಲಿ. ಜಾಝ್ ಬಾಸ್ 1960ರದು. ಅದೇ ಫೆಂಡರ್ ಕೈಯಿದ್ದ ಮ್ಯೂಸಿಕ್ ಮ್ಯಾನ್ ಕಂಪನಿಯ ಸ್ಟಿಂಗ್‌ರೇ 1976ರದು. ಈಗ ನಮಗೆ ಸಿಗುವ ಮಿಶ್ರ ಬಾಸ್‌ಗಳಲ್ಲಿ ಬಹುಪಾಲು ಈ ಮೂರು ಪಿಕಪ್‌ಗಳನ್ನೇ ಬೇರೆ ಬೇರೆ ಜೋಡಿ ಮಾಡಿ ಕೂರಿಸಿದವು.

ಎರಡು ಪಿಕಪ್ ಯಾಕೆ ಬೇರೆ ಬೇರೆ ಕೇಳುತ್ತವೆ? ಅಂಗಳದಲ್ಲಿ ಬಟ್ಟೆ ಒಣಗಿಸಲು ಕಟ್ಟಿದ ಹಗ್ಗ ಉಂಟಲ್ಲ, ಅದನ್ನು ಒಮ್ಮೆ ಮೀಟಿ ನೋಡಿ. ನಡುವಿನಲ್ಲಿ ಅದು ಮೊಳದುದ್ದ ತೂಗಾಡುತ್ತದೆ, ಕಂಬಕ್ಕೆ ಕಟ್ಟಿದ ಗಂಟಿನ ಹತ್ತಿರ ಬರೀ ನಡುಗುತ್ತದೆ. ಬಾಸ್‌ನ ತಂತಿಯೂ ಹಾಗೆಯೇ. ಬ್ರಿಜ್ ಎಂದರೆ ಆ ಗಂಟು. ಗಂಟಿನ ಹತ್ತಿರ ಮೂಲಸ್ವರದ ಚಲನೆ ಕಡಿಮೆ, ಅದರ ಮೇಲಿನ ಉಪಸ್ವರಗಳ ಪಾಲು ಹೆಚ್ಚು. ಆದ್ದರಿಂದ ಬ್ರಿಜ್ ಪಕ್ಕದ ಜೆ ಪಿಕಪ್‌ನ ದನಿ ತೆಳು, ಗಡಸು, ಸ್ಪಷ್ಟ. ಇನ್ನೂ ಒಳಗೆ ಕೂತ ಪಿ ಪಿಕಪ್‌ಗೆ ದಪ್ಪ ಸ್ವರ ತುಂಬಿ ಸಿಗುತ್ತದೆ. ಮದ್ದಳೆ ನುಡಿಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಲದ ಮುಖದಲ್ಲಿ ಅಂಚಿಗೆ ಬೆರಳು ಕೊಟ್ಟರೆ ಒಂದು ನಾದ, ಕರಣೆಯ ಹತ್ತಿರ ಕೊಟ್ಟರೆ ಇನ್ನೊಂದು.

ಪಿ ಪಿಕಪ್‌ನ ಎರಡು ತುಂಡುಗಳಲ್ಲಿ ಒಂದು ಇ ಮತ್ತು ಎ ಎಂಬ ದಪ್ಪ ತಂತಿಗಳಿಗೆ, ಇನ್ನೊಂದು ಡಿ ಮತ್ತು ಜಿ ಎಂಬ ತೆಳು ತಂತಿಗಳಿಗೆ. ಎರಡರ ವಯರ್ ಸುತ್ತು ಒಂದಕ್ಕೊಂದು ತಿರುವುಮುರುವು, ಆಯಸ್ಕಾಂತದ ಧ್ರುವವೂ ತಿರುವುಮುರುವು. ಎರಡನ್ನೂ ಸರಣಿಯಲ್ಲಿ ಜೋಡಿಸಿರುತ್ತಾರೆ. ಹೊರಗಿನ ಕರೆಂಟಿನಿಂದ ಬರುವ ಗುಂಯ್ ಸದ್ದು ಎರಡರಲ್ಲೂ ಎದುರುಬದುರಾಗಿ ಹುಟ್ಟಿ ಒಂದನ್ನೊಂದು ಕಳೆದುಬಿಡುತ್ತದೆ, ತಂತಿಯ ದನಿ ಮಾತ್ರ ಉಳಿಯುತ್ತದೆ. ಎಂದರೆ ಪಿ ತನ್ನಷ್ಟಕ್ಕೆ ಪೂರ್ಣ. ಅದಕ್ಕೆ ಜೊತೆಗಾರ ಬೇಡ.

ಜೆ ಹಾಗಲ್ಲ. ಅದು ಒಂದೇ ಸುರುಳಿಯ ಪಿಕಪ್. ನಿಜವಾದ ಜಾಝ್ ಬಾಸ್‌ನಲ್ಲಿ ಎರಡು ಜೆ ಇರುತ್ತವೆ, ಈಗ ಬರುವವುಗಳಲ್ಲಿ ಒಂದರ ಸುತ್ತು ಇನ್ನೊಂದಕ್ಕೆ ವಿರುದ್ಧ. ಎರಡನ್ನೂ ಪೂರ್ತಿ ತೆರೆದರೆ ಗುಂಯ್ ಅಡಗುತ್ತದೆ. ಪಿಜೆಯಲ್ಲಿ ಜೆಗೆ ಜೋಡಿಯೇ ಇಲ್ಲ. ಪಿ ತನ್ನ ಗುಂಯ್ ತಾನೇ ಕಳೆದುಕೊಂಡು ಕೂತಿದೆ, ಜೆಯದನ್ನು ಕಳೆಯಲು ಅದರಲ್ಲಿ ಏನೂ ಉಳಿದಿಲ್ಲ. ಹಾಗಾಗಿ ಜೆಯನ್ನು ಎಷ್ಟು ತೆರೆಯುತ್ತೀರೋ ಅಷ್ಟು ಗುಂಯ್ ಬಂದೇ ಬರುತ್ತದೆ. ಹೊಸ ಪಿಜೆ ಕೊಂಡವರು ಇದನ್ನು ವಾದ್ಯದ ದೋಷ ಎಂದುಕೊಂಡು ಅಂಗಡಿಗೆ ವಾಪಸು ಹೋಗುವುದುಂಟು. ದೋಷ ಅಲ್ಲ, ಅದರ ರಚನೆಯೇ ಹಾಗೆ.

ಇಲ್ಲಿಂದ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಪಿಜೆ ಎಂದರೆ ಒಂದರಲ್ಲಿ ಎರಡು ಬಾಸ್ ಎಂದು ನಂಬಿ ಕೊಳ್ಳಬೇಡಿ. ಒಂದೇ ಜೆಯಿಂದ ಜಾಝ್ ಬಾಸ್ ಆಗುವುದಿಲ್ಲ. ಎರಡು ಜೆ ಸೇರಿದಾಗ ಬರುವ ಆ ನಡು ತೆಳುವಾದ ಹೊಳಪು ಪಿಜೆಯಲ್ಲಿ ಹತ್ತಿರ ಹತ್ತಿರ ಸಿಗುತ್ತದೆ, ಅದೇ ಸಿಗುವುದಿಲ್ಲ. ಪಿಜೆ ಎಂದರೆ ಒಂದು ಒಳ್ಳೆಯ ಪಿ ಬಾಸ್, ಅದಕ್ಕೆ ಒಗ್ಗರಣೆ ಕೊಡಲು ಒಂದು ಜೆ. ಸಾರು ಸಪ್ಪೆಯಾದರೆ ಒಗ್ಗರಣೆಯಿಂದ ರುಚಿ ಬರುವುದಿಲ್ಲ. ಆದ್ದರಿಂದ ಅಂಗಡಿಯಲ್ಲಿ ಮೊದಲ ಹತ್ತು ನಿಮಿಷ ಜೆಯನ್ನು ಸೊನ್ನೆಗೆ ಇಳಿಸಿ ಪಿ ಒಂದನ್ನೇ ಕೇಳಿ. ಅದೊಂದರಲ್ಲೇ ಇಡೀ ರಾತ್ರಿ ನುಡಿಸಲು ಮನಸ್ಸಾಗುತ್ತದೆಯೇ ಎಂದು ನೋಡಿ. ಆಗದಿದ್ದರೆ ಆ ವಾದ್ಯ ಬಿಡಿ, ಜೆ ಎಷ್ಟೇ ಚೆಂದ ಇರಲಿ.

ಗುಂಯ್ ಸದ್ದಿನ ವಿಷಯ ಇನ್ನೂ ಸ್ವಲ್ಪ ಉಂಟು, ಅದು ನಮ್ಮ ದೇಶದ ಬಾಸ್‌ಗಾರರಿಗೆ ವಿಶೇಷವಾಗಿ ಬೇಕಾದ್ದು. ನಮ್ಮ ಕರೆಂಟು 50 ಹರ್ಟ್ಸ್. ಗುಂಯ್ ಕೇಳಿಸುವುದು 50ರಲ್ಲಿ, ಅದರ ದುಪ್ಪಟ್ಟು 100ರಲ್ಲಿ. ಈಗ ಇ ತಂತಿಯ ಮೂರನೇ ಫ್ರೆಟ್ (ಬಾಸ್‌ನ ಕುತ್ತಿಗೆಯ ಅಡ್ಡ ಲೋಹಪಟ್ಟಿ) ಒತ್ತಿ. ಅದು ಜಿ ಸ್ವರ, 49 ಹರ್ಟ್ಸ್. ಫ್ರೆಟ್ ಒತ್ತದೆ ಬಿಟ್ಟ ಜಿ ತಂತಿ 98 ಹರ್ಟ್ಸ್. ನೋಡಿದಿರಾ, ಗುಂಯ್ ಹೋಗಿ ಜಿ ಸ್ವರದ ಮೈಮೇಲೆಯೇ ಕೂತಿದೆ. ಜಿ ಶ್ರುತಿಯ ಹಾಡಿನಲ್ಲಿ ಜೆ ಪೂರ್ತಿ ತೆರೆದು ಆ ಸ್ವರವನ್ನು ಉದ್ದಕ್ಕೆ ಹಿಡಿದರೆ ಸೆಕೆಂಡಿಗೊಮ್ಮೆ ತೂಗಿದ ಹಾಗೆ ಅಲೆ ಕೇಳಿಸುತ್ತದೆ. 49ಕ್ಕೂ 50ಕ್ಕೂ ನಡುವಿನ ಆ ಒಂದರ ಅಂತರವೇ ಈ ಅಲೆ. ತಂತಿ ಶ್ರುತಿ ತಪ್ಪಿದೆ ಎಂದು ಕೀ ತಿರುಗಿಸುತ್ತಾ ಕೂರಬೇಡಿ. ಮಿಕ್ಸರ್‌ನವರು ಗುಂಯ್ ತೆಗೆಯುತ್ತೇನೆಂದು 50 ಹರ್ಟ್ಸ್ ಕತ್ತರಿಸಿದರೆ ನಿಮ್ಮ ಜಿ ಸ್ವರವೂ ಅದರ ಜೊತೆ ಹೋಯಿತು. ಇದಕ್ಕೆ ಸರಿಯಾದ ಪರಿಹಾರ ಜೆ ಆಕಾರದ್ದೇ ಆದ, ಒಳಗೆ ಎರಡು ಸುರುಳಿ ಇರುವ, ಗುಂಯ್ ಕಳೆಯುವ ಪಿಕಪ್. ಡಿಮಾರ್ಜಿಯೊ ಕಂಪನಿಯ ಮಾಡೆಲ್ ಜೆ ಅಂಥದ್ದು, ಇಎಂಜಿಯ ಜೆ ಕೂಡ ಅಂಥದ್ದು. ಕೊಳ್ಳುವಾಗ ಅಳತೆ ನೋಡಿ. ಜಾಝ್ ಬಾಸ್‌ನ ಎರಡು ಪಿಕಪ್‌ಗಳಲ್ಲಿ ಬ್ರಿಜ್ ಕಡೆಯದು ಎರಡು ಮೂರು ಮಿಲಿಮೀಟರ್ ಉದ್ದ. ಪಿಜೆಗೆ ಹೆಚ್ಚಾಗಿ ಬೇಕಾಗುವುದು ಅದು. ಚಿಕ್ಕದನ್ನು ತಂದರೆ ತೂತಿನಲ್ಲಿ ಅಲ್ಲಾಡುತ್ತದೆ.

ತಾಮ್ರದ ಹಾಳೆ ಅಂಟಿಸಿದರೆ ಗುಂಯ್ ಹೋಗುತ್ತದೆ ಎಂದು ತುಂಬ ಜನ ಹೇಳುತ್ತಾರೆ. ಅರ್ಧ ನಿಜ. ಟ್ಯೂಬ್‌ಲೈಟ್, ಬಣ್ಣದ ದೀಪದ ಡಿಮ್ಮರ್, ಇವುಗಳಿಂದ ಬರುವ ಜಿರ್ ಎನ್ನುವ ಸದ್ದನ್ನು ಅದು ಕಡಿಮೆ ಮಾಡುತ್ತದೆ. ಆಂಪ್ಲಿಫೈಯರ್‌ನ ಟ್ರಾನ್ಸ್‌ಫಾರ್ಮರ್‌ನಿಂದ ಹುಟ್ಟುವ ಗುಂಯ್ ಆಯಸ್ಕಾಂತದ ದಾರಿಯಲ್ಲಿ ಬರುತ್ತದೆ, ತೆಳು ತಾಮ್ರ ಅದನ್ನು ತಡೆಯುವುದಿಲ್ಲ. ಇವೆರಡನ್ನು ಗುರುತಿಸುವುದು ಸುಲಭ. ಬಾಸ್ ಹಿಡಿದು ನಿಂತಲ್ಲೇ ನಿಧಾನ ಒಂದು ಸುತ್ತು ತಿರುಗಿ. ಒಂದು ದಿಕ್ಕಿನಲ್ಲಿ ಸದ್ದು ಪೂರಾ ಇಳಿದರೆ ಅದು ಆಯಸ್ಕಾಂತದ ಗುಂಯ್, ಆ ದಿಕ್ಕಿಗೆ ನಿಂತು ನುಡಿಸಿ, ಆಂಪ್‌ನಿಂದ ಎರಡು ಹೆಜ್ಜೆ ದೂರ ಸರಿಯಿರಿ. ತಂತಿ ಮುಟ್ಟಿದಾಗ ಮಾತ್ರ ಜಿರ್ ಇಳಿದರೆ ಅದಕ್ಕೆ ತಾಮ್ರ ಉಪಯೋಗಕ್ಕೆ ಬರುತ್ತದೆ. ಹಾಳೆಯ ತುಂಡು ತುಂಡನ್ನೂ ಬೆಸುಗೆ ಹಾಕಿ ಜೋಡಿಸಿ, ಕೊನೆಗೆ ಗ್ರೌಂಡ್‌ಗೆ ಸೇರಿಸಬೇಕು. ಸೇರಿಸದ ತುಂಡು ಇದ್ದೂ ಇಲ್ಲದ ಹಾಗೆ.

ತಂತಿ ಮುಟ್ಟುವ ಮಾತು ಬಂದದ್ದರಿಂದ ವಿಷಯ ಸ್ವಲ್ಪ ಬಿಟ್ಟು ಒಂದು ಎಚ್ಚರಿಕೆ ಹೇಳಲೇಬೇಕು. ತಂತಿ ಮುಟ್ಟಿದಾಗ ಸದ್ದು ಇಳಿಯುವುದು ಸಹಜ. ಏರಿದರೆ ಒಳಗಿನ ವಯರಿಂಗ್ ಅಥವಾ ಗ್ರೌಂಡ್ ತಪ್ಪಿದೆ. ಆದರೆ ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದಾಗ ಚುರ್ ಎಂದರೆ ಕೂಡಲೇ ನಿಲ್ಲಿಸಿ, ಆ ಹಾಡು ಅರ್ಧಕ್ಕೆ ನಿಂತರೂ ಅಡ್ಡಿಯಿಲ್ಲ. ಬಾಸ್‌ನ ತಂತಿ ಕೇಬಲ್ ಮೂಲಕ ಆಂಪ್‌ನ ಅರ್ತ್‌ಗೆ ಸೇರಿರುತ್ತದೆ. ಪೆಂಡಾಲಿನಲ್ಲಿ ಆಂಪ್‌ಗೆ ಒಂದು ಕಡೆಯಿಂದ, ಮಿಕ್ಸರ್‌ಗೆ ಇನ್ನೊಂದು ಕಡೆಯಿಂದ ಲೈನ್ ಎಳೆದು, ಒಂದರಲ್ಲಿ ಅರ್ತ್ ಇಲ್ಲದೆ ಹೋದರೆ ನಿಮ್ಮ ಕೈಗೂ ತುಟಿಗೂ ನಡುವೆ ಕರೆಂಟು ಹರಿಯುತ್ತದೆ. ಇಡೀ ಸೌಂಡ್ ಸೆಟ್ಟಿಗೆ ಒಂದೇ ಬೋರ್ಡಿನಿಂದ ಲೈನ್, ಅದಕ್ಕೆ ಸರಿಯಾದ ಅರ್ತ್, ಜೊತೆಗೆ ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ಇಷ್ಟು ಕೇಳಿ ಪಡೆಯುವುದು ನಿಮ್ಮ ಹಕ್ಕು. ಮಳೆ ಬಂದ ಮರುದಿನದ ಒದ್ದೆ ವೇದಿಕೆಯಲ್ಲಂತೂ ಇದಿಲ್ಲದೆ ಹತ್ತಬೇಡಿ. ಗುಂಯ್ ಹೋಗಲಿ ಎಂದು ಮೂರು ಪಿನ್ನಿನ ಪ್ಲಗ್ಗಿನ ಅರ್ತ್ ಪಿನ್ ತೆಗೆಯುವವರುಂಟು. ದಯವಿಟ್ಟು ಮಾಡಬೇಡಿ. ಅದೇ ಕೆಲಸಕ್ಕೆ ಬಾಸನ್ನು ಮಿಕ್ಸರ್‌ಗೆ ಸೇರಿಸುವ ಡಿಐ ಬಾಕ್ಸ್‌ನಲ್ಲಿ ಗ್ರೌಂಡ್ ಲಿಫ್ಟ್ ಸ್ವಿಚ್ ಇರುತ್ತದೆ, ಅದನ್ನು ಒತ್ತಿ.

ಇನ್ನು ಅಂಗಡಿಗೆ ಹೋಗೋಣ. ಮಂಗಳೂರಿಗೋ ಕಣ್ಣೂರಿಗೋ ಹೋಗುವ ಮೊದಲು ಫೋನಿನಲ್ಲಿ ಹತ್ತು ವಿಡಿಯೊ ನೋಡಿರುತ್ತೀರಿ. ಫೋನಿನ ಸ್ಪೀಕರ್‌ನಲ್ಲಿ 41 ಹರ್ಟ್ಸ್‌ನ ಬಿಟ್ಟ ಇ ತಂತಿ ಕೇಳಿಸುವುದೇ ಇಲ್ಲ. ಅದರ ಉಪಸ್ವರ ಮಾತ್ರ ಕೇಳಿ ಕಿವಿ ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ. ಹಾಗೆ ಕೇಳಿದಾಗ ಜೆ ಪಿಕಪ್ ಯಾವಾಗಲೂ ಚೆಂದ, ಪಿ ಯಾವಾಗಲೂ ಮಂಕು. ವೇದಿಕೆಯಲ್ಲಿ ಚೆಂಡೆ, ಡ್ರಮ್, ಕೀಬೋರ್ಡ್ ಸೇರಿದಾಗ ಇದು ಪೂರಾ ಉಲ್ಟಾ. ಕೇಳುವುದಾದರೆ ಹೆಡ್‌ಫೋನ್ ಹಾಕಿ ಕೇಳಿ.

ಅಂಗಡಿಯಲ್ಲಿ ಕೇಬಲ್ ಚುಚ್ಚುವ ಮೊದಲು ನೆಕ್, ಎಂದರೆ ಬಾಸ್‌ನ ಕುತ್ತಿಗೆ ನೋಡಿ. ಶ್ರುತಿ ಮಾಡಿ, ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಏಳು ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಸುಮಾರು 0.3 ಮಿ.ಮೀ. ಸಂದು ಇರಬೇಕು, ದಪ್ಪನೆಯ ವಿಸಿಟಿಂಗ್ ಕಾರ್ಡ್ ತೂರುವಷ್ಟು. ಸಂದು ಹೆಚ್ಚಿದ್ದರೆ ನೆಕ್ ಒಳಗಿನ ಲೋಹದ ಸರಳು, ಟ್ರಸ್ ರಾಡ್, ತಿರುಗಿಸಿ ಸರಿ ಮಾಡಬಹುದು. ಅಂಗಡಿಯವರಲ್ಲಿ ಹೇಳಿ ಅಲ್ಲೇ ಕಾಲು ಸುತ್ತು ತಿರುಗಿಸಿ ನೋಡಿ. ರಾಡ್ ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಹೊತ್ತು ಬೇರೆ ಸಿಗದು. ಆಮೇಲೆ ನಾಲ್ಕೂ ತಂತಿಯಲ್ಲಿ ಒಂದೊಂದೇ ಫ್ರೆಟ್ ಒತ್ತುತ್ತಾ ಮೇಲೆ ಹೋಗಿ. ಒಂದೇ ಜಾಗದಲ್ಲಿ ಸ್ವರ ಸತ್ತರೆ ಅಥವಾ ಕರಕರ ಎಂದರೆ ಅದರ ಮುಂದೆ, ಬ್ರಿಜ್ ಕಡೆಗಿರುವ ಫ್ರೆಟ್ ಎದ್ದಿದೆ.

ಪಿಜೆ ಎಂದ ಮಾತ್ರಕ್ಕೆ ನೆಕ್ ಅಗಲ ಇರುತ್ತದೆ ಎಂದುಕೊಳ್ಳಬೇಡಿ. ಜಾಝ್ ಬಾಸ್‌ನ ನಟ್, ಎಂದರೆ ನೆಕ್‌ನ ತುದಿಯಲ್ಲಿ ತಂತಿ ಹಾಯುವ ಪಟ್ಟಿ, 38 ಮಿ.ಮೀ. ಅಗಲ, ಪ್ರಿಸಿಷನ್‌ನದು 41ರಿಂದ 44ರವರೆಗೆ. ಪಿಜೆಗಳಲ್ಲಿ ಎರಡೂ ಬರುತ್ತವೆ. ಜೇಬಿನಲ್ಲಿ ಒಂದು ಸ್ಕೇಲ್ ಇಟ್ಟುಕೊಳ್ಳಿ. ಸಣ್ಣ ಕೈಯವರಿಗೆ, ಮೊದಲು ಗಿಟಾರ್ ನುಡಿಸಿ ಬಾಸ್‌ಗೆ ಬಂದವರಿಗೆ 38 ಸಲೀಸು. ಕೈಗೆ ಒಗ್ಗದ ನೆಕ್ಕನ್ನು ಪಿಕಪ್ ಆಸೆಗೆ ಒಪ್ಪಿಕೊಂಡರೆ ಆರು ತಿಂಗಳಲ್ಲಿ ಮಾರಲು ನೋಡುತ್ತೀರಿ. ಹಾಗೆಯೇ ಬೆಲ್ಟ್ ಹಾಕಿ ನಿಂತು ಎಡಗೈ ಬಿಟ್ಟುಬಿಡಿ. ನೆಕ್ ತಾನಾಗಿ ಕೆಳಗೆ ಜಾರಿದರೆ ನಾಲ್ಕು ಗಂಟೆ ಅದನ್ನು ಎತ್ತಿ ಹಿಡಿಯುವ ಕೆಲಸ ನಿಮ್ಮ ಎಡಗೈಯದು.

ಈಗ ಕೇಬಲ್ ಚುಚ್ಚಿ, ಆಂಪ್‌ನ ಬಾಸ್, ಮಿಡ್, ಟ್ರೆಬಲ್ ಎಲ್ಲ ನಡುವಿಗೆ ಇಡಿ. ಪಿ ಒಂದೇ. ಆಮೇಲೆ ಜೆ ಒಂದೇ. ಆಮೇಲೆ ಎರಡೂ ಪೂರ್ತಿ. ಪಿಯಿಂದ ಜೆಗೆ ಹೋಗುವಾಗ ದನಿ ಸ್ವಲ್ಪ ಇಳಿಯುವುದು ಸಹಜ, ಹಗ್ಗದ ಗಂಟಿನ ಮಾತು ನೆನಪಿರಲಿ. ಆದರೆ ಅರ್ಧಕ್ಕರ್ಧ ಇಳಿದರೆ ಹೊಂದಾಣಿಕೆ ಸರಿಯಿಲ್ಲ. ಎರಡೂ ಪೂರ್ತಿ ತೆರೆದಾಗ ನಡುಸ್ವರ ತುಸು ಟೊಳ್ಳಾಗುತ್ತದೆ, ಅದೂ ಸಹಜ. ಒಂದೇ ತಂತಿಯನ್ನು ಎರಡು ಜಾಗದಲ್ಲಿ ಹಿಡಿದು ಸೇರಿಸಿದಾಗ ಕೆಲವು ಸ್ವರಾಂಶ ಒಂದನ್ನೊಂದು ಕಳೆಯುತ್ತವೆ. ಆದರೆ ದಪ್ಪ ಸ್ವರವೇ ಮಾಯವಾಗಿ ಸತ್ವ ಹೋದ ಮೂಗಿನ ದನಿ ಉಳಿದರೆ ಎರಡು ಪಿಕಪ್‌ಗಳ ಫೇಸ್, ಎಂದರೆ ಸಂಕೇತದ ಏರಿಳಿತ, ಎದುರುಬದುರಾಗಿದೆ. ಒಬ್ಬ ತಯಾರಕರ ಪಿ, ಇನ್ನೊಬ್ಬರ ಜೆ ತಂದು ಹಾಕಿದ ಸೆಕೆಂಡ್‌ಹ್ಯಾಂಡ್ ಬಾಸ್‌ಗಳಲ್ಲಿ ಇದು ಸಾಮಾನ್ಯ. ಹೆದರಬೇಕಾಗಿಲ್ಲ, ಜೆಯ ಎರಡು ವಯರ್‌ಗಳನ್ನು ಅದಲು ಬದಲು ಮಾಡಿ ಬೆಸುಗೆ ಹಾಕಿದರೆ ಮುಗಿಯಿತು. ಹತ್ತು ನಿಮಿಷದ ಕೆಲಸ. ಮಾರುವವರಿಗೆ ಇದು ಗೊತ್ತಿಲ್ಲದಿದ್ದರೆ ಬೆಲೆ ಇಳಿಸಲು ನಿಮಗೆ ಕಾರಣವೂ ಆಯಿತು.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಒಂದು ಮಲ್ಟಿಮೀಟರ್ ಒಯ್ಯಿರಿ. ಬಾಸ್ ಬಿಚ್ಚುವುದೇ ಬೇಡ. ಕೇಬಲ್‌ನ ಒಂದು ತುದಿ ಬಾಸ್‌ಗೆ ಚುಚ್ಚಿ, ಇನ್ನೊಂದು ತುದಿಯ ಜಾಕ್‌ನ ಮೊನೆಗೆ ಒಂದು ಪ್ರೋಬ್, ಕಾಂಡಕ್ಕೆ ಇನ್ನೊಂದು. ಮೀಟರ್ 20 ಕಿಲೋ ಓಮ್‌ನಲ್ಲಿರಲಿ. ಎರಡು ವಾಲ್ಯೂಮ್, ಒಂದು ಟೋನ್ ಇರುವ ಸಾದಾ ಪಿಜೆಯಲ್ಲಿ ಪಿ ಪೂರ್ತಿ, ಜೆ ಸೊನ್ನೆ ಇಟ್ಟರೆ 9, 10 ಕಿಲೋ ಓಮ್ ಆಸುಪಾಸು ತೋರಿಸಬೇಕು. ಜೆ ಪೂರ್ತಿ, ಪಿ ಸೊನ್ನೆ ಇಟ್ಟರೆ 7ರ ಆಸುಪಾಸು. ಎರಡೂ ಪೂರ್ತಿ ಇಟ್ಟರೆ 4ರಿಂದ 5, ಯಾಕೆಂದರೆ ಎರಡೂ ಸಮಾನಾಂತರ. ಪಿಕಪ್‌ನ ಮಾದರಿಗೆ ತಕ್ಕಂತೆ ಅಂಕಿ ಒಂದೆರಡು ಆಚೀಚೆ ಆಗುತ್ತದೆ. ಆದರೆ ಪಿ ಜಾಗದಲ್ಲಿ 5 ಮಾತ್ರ ತೋರಿಸಿ, ಎರಡು ತಂತಿಗಳ ದನಿಯೇ ಇಲ್ಲದಿದ್ದರೆ ಒಂದು ತುಂಡು ಶಾರ್ಟ್ ಆಗಿದೆ. ಮೀಟರ್ 20ರ ಮಿತಿ ದಾಟಿ ಏನೂ ತೋರಿಸದಿದ್ದರೆ ಸುರುಳಿಯ ವಯರ್ ಕಡಿದಿದೆ. ಬ್ಯಾಟರಿ ಹಾಕುವ ಆಕ್ಟಿವ್ ಬಾಸ್‌ಗೆ ಈ ಪರೀಕ್ಷೆ ಆಗುವುದಿಲ್ಲ, ನಡುವೆ ಸಂಕೇತವನ್ನು ಹೆಚ್ಚಿಸುವ ಪ್ರಿಆಂಪ್ ಇರುತ್ತದೆ.

ನಾಬ್‌ಗಳ ವಿಷಯ. ಜಾಝ್ ಬಾಸ್‌ನ ಪದ್ಧತಿಯಲ್ಲಿ ಪಿಕಪ್‌ನ ವಯರ್ ಪಾಟ್‌ನ, ಎಂದರೆ ನಾಬ್ ಅಡಿಯ ತಿರುಗಿಸುವ ರೋಧಕದ, ನಡುಕಾಲಿಗೆ ಬರುತ್ತದೆ, ದನಿ ಹೊರಗೆ ಹೋಗುವುದು ಪಕ್ಕದ ಕಾಲಿನಿಂದ. ಹೀಗಿದ್ದರೆ ಒಂದು ವಾಲ್ಯೂಮ್ ಸೊನ್ನೆ ಮಾಡಿದರೂ ಇನ್ನೊಂದು ಪಿಕಪ್ ಉಳಿಯುತ್ತದೆ. ಯಾರೋ ರಿಪೇರಿ ಮಾಡುವಾಗ ನಡುಕಾಲನ್ನೂ ಪಕ್ಕದ ಕಾಲನ್ನೂ ಅದಲುಬದಲು ಮಾಡಿದರೆ ಜೆ ಸೊನ್ನೆಗೆ ಇಳಿಸಿದ ಕೂಡಲೇ ಇಡೀ ಬಾಸ್ ಮೂಕ. ವೇದಿಕೆಯಲ್ಲಿ ಇದಾದರೆ ಕೇಬಲ್ ಹೋಯಿತು ಎಂದು ಎಲ್ಲರೂ ಓಡಾಡುತ್ತಾರೆ. ಪಾಟ್‌ಗಳು 250 ಕಿಲೋ ಓಮ್, ಟೋನ್‌ನ ಕೆಪಾಸಿಟರ್ 0.047 ಮೈಕ್ರೋಫ್ಯಾರಡ್, ಇದು ಪಿಜೆಗೆ ರೂಢಿಯ ಲೆಕ್ಕ. ಇಎಂಜಿಯಂಥ ಆಕ್ಟಿವ್ ಪಿಕಪ್‌ಗೆ 25 ಕಿಲೋ ಓಮ್ ಬೇಕು, ಹಳೆಯ 250ನ್ನೇ ಬಿಟ್ಟರೆ ನಾಬ್ ಸ್ವಿಚ್ಚಿನ ಹಾಗೆ ಒಮ್ಮೆಗೇ ಏರಿ ಇಳಿಯುತ್ತದೆ. ಕೆಲವು ಬಾಸ್‌ಗಳಲ್ಲಿ ಎರಡು ವಾಲ್ಯೂಮ್ ಬದಲು ಒಂದು ವಾಲ್ಯೂಮ್, ಎರಡು ಪಿಕಪ್‌ಗಳನ್ನು ಬೆರೆಸುವ ಒಂದು ಬ್ಲೆಂಡ್ ಇರುತ್ತದೆ. ಬ್ಲೆಂಡ್‌ನ ನಡು ಕಚ್ಚಿನಲ್ಲಿ ನಿಲ್ಲಿಸಿದಾಗ ಎರಡೂ ಪೂರ್ತಿ ಇರಬೇಕು. ಅಗ್ಗದ ಪಾಟ್ ಹಾಕಿದ್ದರೆ ಅಲ್ಲಿ ಎರಡೂ ಅರ್ಧರ್ಧ ಆಗಿ ದನಿ ಕುಸಿಯುತ್ತದೆ. ಹಾಡಿನ ನಡುವೆ ಕತ್ತಲಲ್ಲಿ ತಿರುಗಿಸುವವರಿಗೆ ಬ್ಲೆಂಡ್ ಸುಲಭ, ಕೈಗೆ ಕಚ್ಚು ಸಿಗುತ್ತದೆ. ನನಗೆ ಎರಡು ವಾಲ್ಯೂಮೇ ಒಳ್ಳೆಯದು ಅನ್ನಿಸುತ್ತದೆ. ಅದರ ಕಾರಣ ಮುಂದೆ ಬರುತ್ತದೆ.

ಈಗ ಎತ್ತರ. ಹೊಸ ಪಿಜೆಗಳಲ್ಲಿ ಅತಿ ಹೆಚ್ಚು ಕಾಣುವ ಕೊರತೆ ಇದು, ಸ್ಕ್ರೂಡ್ರೈವರ್ ಒಂದರಲ್ಲೇ ಸರಿಯಾಗುವಂಥದ್ದು ಕೂಡ. ಅಳೆಯಲು ಸ್ಟೀಲ್ ಸ್ಕೇಲ್ ಬೇಡ, ಪಿಕಪ್ ಅದನ್ನು ಎಳೆದುಕೊಳ್ಳುತ್ತದೆ. ಮಕ್ಕಳ ಪ್ಲಾಸ್ಟಿಕ್ ಸ್ಕೇಲ್ ತೆಗೆದುಕೊಂಡು ಸೊನ್ನೆ ಗೆರೆಯ ಆಚೆಗಿನ ಅಂಚನ್ನು ಉಪ್ಪುಕಾಗದದಲ್ಲಿ ಗೆರೆಯವರೆಗೆ ಉಜ್ಜಿಬಿಡಿ. ಇ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದು, ತಂತಿಯ ಕೆಳಗಿನ ಅಂಚಿನಿಂದ ಪಿಕಪ್‌ನ ಆಯಸ್ಕಾಂತದ ಕಡ್ಡಿಯ ತಲೆಯವರೆಗೆ ಅಳೆಯಿರಿ. ಪಿಗೆ ಇ ಕಡೆ ಸುಮಾರು 3 ಮಿ.ಮೀ., ಜಿ ಕಡೆ 2 ಮಿ.ಮೀ. ಇಟ್ಟು ಶುರು ಮಾಡಿ. ಜೆಗೆ ಇ ಕಡೆ 2.5, ಜಿ ಕಡೆ 2. ಈಗ ಪಿ ಒಂದು, ಜೆ ಒಂದು ಎಂದು ಬದಲಿಸಿ ಕೇಳಿ. ಜೆ ಇನ್ನೂ ಸಣ್ಣದಾದರೆ ಅದನ್ನು ಮೇಲೆತ್ತುವ ಮೊದಲು ಪಿಯನ್ನು ಅರ್ಧ ಸುತ್ತು ಇಳಿಸಿ. ತುಂಬ ಜನ ತಪ್ಪುವುದು ಇಲ್ಲೇ. ಎರಡನ್ನೂ ಮೇಲೇರಿಸುತ್ತಾ ಹೋದರೆ ಆಯಸ್ಕಾಂತ ತಂತಿಯನ್ನೇ ಎಳೆಯುತ್ತದೆ, ಹನ್ನೆರಡನೇ ಫ್ರೆಟ್‌ನ ಆಚೆ ಸ್ವರ ಅಲ್ಲಾಡುತ್ತದೆ, ಶ್ರುತಿ ಎಷ್ಟು ಮಾಡಿದರೂ ಕೂರುವುದಿಲ್ಲ.

ಜೆಯ ಸ್ಕ್ರೂ ಸಡಿಲಿಸಿದರೂ ಪಿಕಪ್ ಮೇಲೆ ಬಾರದಿದ್ದರೆ ಅದರ ಅಡಿಯ ಸ್ಪಂಜು ಚಪ್ಪಟೆಯಾಗಿದೆ. ತಂತಿ ಸಡಿಲಿಸಿ, ಸ್ಕ್ರೂ ತೆಗೆದು, ಪಿಕಪ್ ಎತ್ತಿ ಹೊಸ ಸ್ಪಂಜು ಇಡಿ. ಚಪ್ಪಲಿ ರಿಪೇರಿಯವರಲ್ಲಿ ಸಿಗುವ ಗಟ್ಟಿ ಸ್ಪಂಜಿನ ಹಾಳೆ ಇದಕ್ಕೆ ಸರಿ ಹೋಗುತ್ತದೆ. ವಯರ್ ಎಳೆಯದಂತೆ ಜಾಗ್ರತೆ, ಸುರುಳಿಯ ವಯರ್ ತಲೆಕೂದಲಿಗಿಂತ ತೆಳು. ಅಲ್ಲೇ ಒಮ್ಮೆ ಮೇಲಿನಿಂದ ನೇರ ನೋಡಿ: ಪಿಯಲ್ಲೂ ಜೆಯಲ್ಲೂ ಒಂದೊಂದು ತಂತಿಗೆ ಎರಡೆರಡು ಕಡ್ಡಿ, ತಂತಿ ಅವೆರಡರ ನಡುವೆ ಹಾಯಬೇಕು. ಜಿ ತಂತಿ ಹೊರಗಿನ ಕಡ್ಡಿಯನ್ನೂ ದಾಟಿ ಹೋಗಿದ್ದರೆ ನೆಕ್ ಓರೆಯಾಗಿ ಕೂತಿದೆ, ಆ ತಂತಿ ಯಾವತ್ತೂ ಸಣ್ಣಗೆ ಕೇಳುತ್ತದೆ.

ಮಾದರಿಗಳ ಹೆಸರು ಕೇಳುತ್ತೀರಿ ಎಂದು ಗೊತ್ತು. ಯಮಹಾ ಟಿಆರ್‌ಬಿಎಕ್ಸ್ 174, ಅದಕ್ಕಿಂತ ಮೇಲಿನ ಬಿಬಿ 234, ಕೋರ್ಟ್ ಆಕ್ಷನ್ ಪಿಜೆ, ಸ್ಕ್ವಾಯರ್ ಅಫಿನಿಟಿ ಪಿಜೆ, ಇವು ನಾಲ್ಕೂ ಬ್ಯಾಟರಿ ಇಲ್ಲದ ಸಾದಾ ಪಿಜೆಗಳು. ಐಬಾನೆಜ್ ಜಿಎಸ್‌ಆರ್ 200ರಲ್ಲಿ ದಪ್ಪ ಸ್ವರ ಹೆಚ್ಚಿಸುವ ಒಂದು ನಾಬ್ ಉಂಟು, ಅದಕ್ಕೆ 9 ವೋಲ್ಟ್ ಬ್ಯಾಟರಿ ಬೇಕು. ಮೊದಲ ಬಾಸ್ ಕೊಳ್ಳುವವರಿಗೆ ಸಾದಾ ಪಿಜೆಯೇ ಸಾಕು. ಬ್ಯಾಟರಿ ಇರುವ ಬಾಸ್‌ನಲ್ಲಿ ಕೇಬಲ್ ಚುಚ್ಚಿದೊಡನೆ ಬ್ಯಾಟರಿ ಖರ್ಚಾಗಲು ಶುರು. ಊಟಕ್ಕೆ ಹೋಗುವಾಗ ಕೇಬಲ್ ತೆಗೆಯುವ ಅಭ್ಯಾಸ ಇಲ್ಲದಿದ್ದರೆ ಕೊನೆಯ ಹಾಡಿನ ಹೊತ್ತಿಗೆ ದನಿ ಒಡೆದು ಕರಕರ ಎನ್ನುತ್ತದೆ.

ಪಿಜೆ ಬಿಟ್ಟು ಬೇರೆ ಜೋಡಿಗಳೂ ಉಂಟು. ಸ್ಟಿಂಗ್‌ರೇಯ ದಪ್ಪ ಹಂಬಕರ್ ಪಿಕಪ್, ನಾವು ಎಂಎಂ ಎನ್ನುವುದು, ಬ್ರಿಜ್ ಕಡೆ. ಒಳಗಡೆ ಪಿ ಅಥವಾ ಜೆ. ಸ್ಯಾಂಡ್‌ಬರ್ಗ್ ಕ್ಯಾಲಿಫೋರ್ನಿಯಾ ವಿಎಂನಲ್ಲಿ ಪಿ ಮತ್ತು ಎಂಎಂ, ಲೇಕ್‌ಲ್ಯಾಂಡ್ 44-94ರಲ್ಲಿ ಜೆ ಮತ್ತು ಎಂಎಂ. ಎಂಎಂನಲ್ಲಿ ಸುರುಳಿ ಎರಡು, ಗುಂಯ್ ಇಲ್ಲ. ಪಿಗೆ ಸರಿಸಮನಾಗಿ ನಿಲ್ಲುವ ಜೋರೂ ಅದಕ್ಕುಂಟು. ದುಡ್ಡು ಕೂಡಿಸಿ ಒಂದೇ ಸಲ ಕೊಳ್ಳುವವರು ಪಿ ಮತ್ತು ಎಂಎಂ ಜೋಡಿಯನ್ನು ಖಂಡಿತ ಕೇಳಿ ನೋಡಬೇಕು. ಕೊಳ್ಳುವಾಗ ಎಂಎಂನ ಒಂದೇ ಸುರುಳಿ ಬಳಸುವ ಸ್ವಿಚ್ ಇದೆಯೇ ಎಂದು ನೋಡಿ. ಅದಿದ್ದರೆ ಜೆಯ ಹತ್ತಿರದ ದನಿಯೂ ಸಿಗುತ್ತದೆ, ಒಂಟಿ ಸುರುಳಿಯಾದ್ದರಿಂದ ಗುಂಯ್ ಕೂಡ ಅದರ ಜೊತೆ ಬರಬಹುದು.

ವೇದಿಕೆಯಲ್ಲಿ ಹೇಗೆ ಬಳಸುವುದು? ಹಳೆಯ ಮೆಲೊಡಿಗೆ ಪಿ ಪೂರ್ತಿ, ಜೆ ಸೊನ್ನೆ, ಟೋನ್ ಕಾಲು ಭಾಗ. ಬ್ರಿಜ್ ಹತ್ತಿರ ತಂತಿಗಳ ಅಡಿಗೆ ಸಣ್ಣ ಸ್ಪಂಜಿನ ತುಂಡು ತೂರಿಸಿದರೆ ಸ್ವರ ಉದ್ದಕ್ಕೆ ಎಳೆಯದೆ ಗುಂಡಗೆ ನಿಲ್ಲುತ್ತದೆ, ತಬಲಾದ ಜೊತೆ ಬಹಳ ಚೆಂದ. ಕುಣಿತದ ಹಾಡಿಗೆ ಪಿ ಪೂರ್ತಿ ಇರಲಿ, ಜೆಯನ್ನು ನಿಧಾನಕ್ಕೆ ಏರಿಸುತ್ತಾ ಬನ್ನಿ. ಡ್ರಮ್‌ನ ನಡುವೆ ಪ್ರತಿ ಸ್ವರದ ಅಂಚು ಬಿಡಿಸಿ ಕೇಳುವ ಒಂದು ಜಾಗ ಸಿಗುತ್ತದೆ, ಹೆಚ್ಚಾಗಿ ಅರ್ಧದಿಂದ ಮುಕ್ಕಾಲಿನ ನಡುವೆ. ಹೆಬ್ಬೆರಳಿನಿಂದ ಬಡಿದು ನುಡಿಸುವ ಸ್ಲ್ಯಾಪ್‌ಗೆ ಎರಡೂ ಪೂರ್ತಿ, ಟೋನ್ ಪೂರ್ತಿ. ಇಲ್ಲಿ ಎರಡು ವಾಲ್ಯೂಮ್‌ನ ಗುಟ್ಟು ಉಂಟು: ಎರಡೂ 10ರಲ್ಲಿದ್ದಾಗ ನಡುಸ್ವರ ಟೊಳ್ಳು ಎಂದೆನಲ್ಲ, ಜೆಯನ್ನು 10ರಿಂದ 8ಕ್ಕೆ ತಂದ ಕೂಡಲೇ ಅದು ತುಂಬಿಕೊಳ್ಳುತ್ತದೆ. ಗಾಯಕರು ಪಲ್ಲವಿಗೆ ಮರಳಿದಾಗ ಆ ಎರಡು ಗೆರೆ ಇಳಿಸಿದರೆ ಬಾಸ್ ಒಂದು ಹೆಜ್ಜೆ ಮುಂದೆ ಬಂದು ನಿಂತ ಹಾಗಿರುತ್ತದೆ. ಬ್ಲೆಂಡ್ ನಾಬ್‌ನಲ್ಲಿ ಇಷ್ಟು ಸಣ್ಣ ಅಳತೆ ಹಿಡಿಯುವುದು ಕಷ್ಟ.

ಕೊನೆಗೆ ನಮ್ಮ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಸರಗೋಡಿನ ಗಾಳಿಯಲ್ಲಿ ತೇವ ತುಂಬಿರುತ್ತದೆ, ಜನವರಿ ಫೆಬ್ರವರಿಯಲ್ಲಿ ಮರ ಒಣಗುತ್ತದೆ. ನೆಕ್‌ನ ಬಾಗು ಎರಡು ಸಲ ಬದಲಾಗುತ್ತದೆ, ಆದ್ದರಿಂದ ಆ 0.3 ಮಿ.ಮೀ. ಸಂದನ್ನು ಮಳೆ ಹಿಡಿದು ಒಂದು ತಿಂಗಳಾದ ಮೇಲೊಮ್ಮೆ, ಚಳಿ ಕಳೆದ ಮೇಲೊಮ್ಮೆ ನೋಡಿ. ನೆಕ್ ಬದಲಾದರೆ ಪಿಕಪ್‌ನಿಂದ ತಂತಿಯ ಎತ್ತರವೂ ಬದಲಾಗುತ್ತದೆ. ಹಾಗಾಗಿ ಮೊದಲು ನೆಕ್, ಆಮೇಲೆ ಬ್ರಿಜ್, ಕೊನೆಗೆ ಪಿಕಪ್. ಈ ಕ್ರಮ ತಪ್ಪಿದರೆ ಮಾಡಿದ ಕೆಲಸ ಮತ್ತೆ ಮಾಡಬೇಕು. ಬಾಸನ್ನು ಹೊಗೆ ಸೇರುವ ಅಟ್ಟದಲ್ಲಾಗಲಿ, ಹೊರಗೋಡೆಗೆ ಒರಗಿಸಿಯಾಗಲಿ ಇಡಬೇಡಿ. ಕೇಸಿನೊಳಗೆ ಸಿಲಿಕಾ ಜೆಲ್‌ನ ಎರಡು ಪೊಟ್ಟಣ, ನುಡಿಸಿದ ಮೇಲೆ ಒಣ ಹತ್ತಿಬಟ್ಟೆಯಿಂದ ತಂತಿಯ ಅಡಿಭಾಗವನ್ನೂ ಸೇರಿಸಿ ಒರೆಸುವುದು, ಇಷ್ಟು ಬೇಕು. ಒರೆಸುವಾಗ ಜೆಯ ಕಡ್ಡಿಗಳ ತಲೆಯನ್ನೂ ನೋಡಿ. ಬೆವರು ಬಿದ್ದು ಅವು ಕಂದು ಬಣ್ಣಕ್ಕೆ ತಿರುಗಿದ್ದರೆ ತುಕ್ಕು ಶುರುವಾಗಿದೆ. ತುಕ್ಕು ಕೆಳಗಿಳಿದು ಸುರುಳಿಯ ವಯರ್ ಮುಟ್ಟಿದ ದಿನ ಆ ಪಿಕಪ್ ಸದ್ದಿಲ್ಲದೆ ನಿಂತುಹೋಗುತ್ತದೆ. ಒಣ ಬಟ್ಟೆಯಲ್ಲಿ ಉಜ್ಜಿ, ಬೆರಳ ತುದಿಯಷ್ಟು ಮೇಣ ಸವರಿ ಒರೆಸಿಬಿಡಿ. ಎಣ್ಣೆ ಸ್ಪ್ರೇ ಮಾತ್ರ ಹೊಡೆಯಬೇಡಿ, ಅದು ಒಳಗಿಳಿದು ಅಡಿಯ ಸ್ಪಂಜನ್ನು ಕರಗಿಸುತ್ತದೆ.